ರಸೀದಿ ಕೇಳಿದರೆ ಮುಖ ಸಿಂಡರಿಸುವ ಸೇವೆ: ಉತ್ತರ ಕನ್ನಡದಲ್ಲಿ ಪೊಲೀಸರ ಮೇಲೆ ದೂರು ಕೊಡುವ ವ್ಯವಸ್ಥೆಗೆ ಎಷ್ಟು ಅಂಕ?

ಕಾರವಾರದ ಮೀನೂಟಕ್ಕೂ ಗೋಕರ್ಣದ ಲಾಡ್ಜಿಗೂ ಅಂಕ ಕೊಡುವವರು ಸಾವಿರ ಜನ ಸಿಗುತ್ತಾರೆ. ಸರ್ಕಾರ ಪುಕ್ಕಟೆಯಾಗಿ ನಡೆಸುವ ಒಂದು ಸೇವೆಗೆ ಮಾತ್ರ ಯಾರೂ ಅಂಕ ಕೊಡುವುದಿಲ್ಲ. ಪೊಲೀಸರೇ ಹೊಡೆದಾಗ, ಹೆದರಿಸಿದಾಗ, ಇಲ್ಲವೇ ದೂರನ್ನೇ ತೆಗೆದುಕೊಳ್ಳದೆ ವಾಪಸ್ ಕಳಿಸಿದಾಗ ಅವರ ಮೇಲೆ ದೂರು ಕೊಡುವ ಸೇವೆ ಅದು. ಕೌಂಟರುಗಳಿಗೇನೂ ಬರವಿಲ್ಲ. ಠಾಣೆ, ಡಿವೈಎಸ್ಪಿ, ಕಾರವಾರದ ಎಸ್ಪಿ ಕಚೇರಿ, ಮ್ಯಾಜಿಸ್ಟ್ರೇಟ್ ಕೋರ್ಟು, ಪೊಲೀಸ್ ದೂರು ಪ್ರಾಧಿಕಾರ, ಮಾನವ ಹಕ್ಕುಗಳ ಆಯೋಗ, ಲೋಕಾಯುಕ್ತ, ಕೊನೆಗೆ ಧಾರವಾಡದ ಹೈಕೋರ್ಟ್ ಪೀಠ. ಆದರೆ ನಮ್ಮ ಜಿಲ್ಲೆಯ ಹಣೆಬರಹ ನೋಡಿ: ಕಂದಾಯಕ್ಕೆ ಬೆಳಗಾವಿ ವಿಭಾಗ, ಪೊಲೀಸಿಗೆ ಮಂಗಳೂರಿನ ಪಶ್ಚಿಮ ವಲಯ, ರಿಟ್ ಅರ್ಜಿಗೆ ಧಾರವಾಡ, ಆಯೋಗಗಳಿಗೆ ಬೆಂಗಳೂರು. ಒಂದು ಲಾಠಿ ಏಟಿಗೆ ನಾಲ್ಕು ಊರಿನ ಬಸ್ಸು.

ಮೊದಲ ಮೂರು ತಿಂಗಳು ಈ ಸೇವೆಯಲ್ಲಿ ಗಿರಾಕಿಯ ಕೈಗೆ ಸಿಗುವ ಸಾಮಾನು ಒಂದೇ, ಸ್ವೀಕೃತಿ. ಸೀಲು, ತಾರೀಖು, ಇನ್‌ವರ್ಡ್ ನಂಬರು, ಒಂದು ಸಹಿ. ಅದಿದ್ದರೆ ಮುಂದಿನ ಬಾಗಿಲು ತೆರೆಯುತ್ತದೆ, ಇಲ್ಲದಿದ್ದರೆ ತೆರೆಯುವುದಿಲ್ಲ. ಬೆದರಿಕೆ ಪೂರಾ ಬಾಯಿಮಾತಿನ ವ್ಯವಹಾರ. ಅದನ್ನು ಕಾಗದಕ್ಕೆ ಎಳೆದು ತರುವುದಕ್ಕೆ ಯಾವ ಕೌಂಟರು ಎಷ್ಟು ಅನುಕೂಲ ಮಾಡಿಕೊಡುತ್ತದೆ ಅನ್ನುವುದೊಂದೇ ಇಲ್ಲಿ ನಾವು ಹಿಡಿದಿರುವ ಅಳತೆಗೋಲು.

ಠಾಣೆಯ ಮೇಜು

2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಇದೆ. ಅದರ 173ನೇ ಕಲಂ ಓದಿದರೆ ಸೇವೆ ಚಿನ್ನದಂಥದ್ದು. ಅಂಕೋಲಾದಲ್ಲಿ ನಡೆದಿದ್ದಕ್ಕೆ ಕುಮಟಾ ಠಾಣೆಯಲ್ಲೂ ದೂರು ಕೊಡಬಹುದು. "ನಮ್ಮ ಹದ್ದಿಗೆ ಬರೋದಿಲ್ಲ" ಅನ್ನುವಂತಿಲ್ಲ, ಝೀರೋ ಎಫ್‌ಐಆರ್ ಮಾಡಿ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಇಮೇಲ್‌ನಲ್ಲಿ ಕಳಿಸಿದರೂ ನಡೆಯುತ್ತದೆ, ಮೂರು ದಿನದೊಳಗೆ ಹೋಗಿ ಸಹಿ ಹಾಕಿದರಾಯಿತು. ಎಫ್‌ಐಆರ್ ಪ್ರತಿಗೆ ಕಾಸು ಕೊಡಬೇಕಾಗಿಲ್ಲ. ಸಂಜ್ಞೇಯ ಅಪರಾಧದ (ಕೋರ್ಟಿನ ಆದೇಶಕ್ಕೆ ಕಾಯದೆ ಪೊಲೀಸರೇ ತನಿಖೆ ಮಾಡಬಹುದಾದ ಅಪರಾಧ) ಮಾಹಿತಿ ಬಂದರೆ ಎಫ್‌ಐಆರ್ ಕಡ್ಡಾಯ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರಲ್ಲೇ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿಯಾಗಿದೆ. ಹೊಸ ಕಾನೂನು ಒಂದು ಸಂದು ಬಿಟ್ಟಿದೆ: ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಕ್ಕೆ ಡಿವೈಎಸ್ಪಿ ಅನುಮತಿ ಪಡೆದು 14 ದಿನ ಪ್ರಾಥಮಿಕ ವಿಚಾರಣೆ ಮಾಡಬಹುದು. "ವಿಚಾರಣೆಯಲ್ಲಿದೆ" ಅಂದರೆ ಡಿವೈಎಸ್ಪಿ ಅನುಮತಿಯ ತಾರೀಖು ಕೇಳಿ. ಹದಿನೈದನೇ ದಿನದ ನಂತರ ಆ ಮಾತಿಗೆ ಬೆಲೆಯಿಲ್ಲ.

ಮೇಜಿನ ಹತ್ತಿರ ಆಗುವುದೇ ಬೇರೆ. ರೈಟರ್ (ಠಾಣೆಯ ಬರವಣಿಗೆ ನೋಡುವ ಸಿಬ್ಬಂದಿ) ಅರ್ಜಿ ತೆಗೆದುಕೊಂಡು ಎರಡನೇ ಸಾಲಿಗೆ ಬರುವಷ್ಟರಲ್ಲಿ ತಲೆ ಎತ್ತಿ ನೋಡುತ್ತಾರೆ. "ಯಾರ ಮೇಲೆ ಇದು? ನಮ್ ಸ್ಟಾಫ್ ಮೇಲೇನಾ? ಸಾಹೇಬ್ರು ರೌಂಡ್ಸ್‌ಗೆ ಹೋಗಿದ್ದಾರೆ, ಇಟ್ಟು ಹೋಗಿ." ಅರ್ಜಿ ರಿಜಿಸ್ಟರ್ ಅಡಿಗೆ ಸೇರುತ್ತದೆ. ಈ "ಇಟ್ಟು ಹೋಗಿ" ಇಡೀ ಸೇವೆಯಲ್ಲೇ ದುಬಾರಿ ಮಾತು. ಇಟ್ಟು ಬಂದ ಅರ್ಜಿ ಕೊಟ್ಟದ್ದೇ ಅಲ್ಲ ಎಂದಾಗುತ್ತದೆ. ಎರಡು ಪ್ರತಿ ಒಯ್ಯಬೇಕು, ಎರಡನೆಯದರ ಮೇಲೆ ಸೀಲು ಹಾಕಿಸಿಕೊಳ್ಳಬೇಕು. ಕೊಡದಿದ್ದರೆ ಜಗಳಕ್ಕೆ ನಿಲ್ಲದೆ ಹೊರಗೆ ಬಂದು ಅದೇ ದಿನ ಅಂಚೆಗೆ ಹಾಕಬೇಕು. ಜಗಳಕ್ಕೆ ನಿಂತರೆ ಏನಾಗುತ್ತದೆ ಎಂಬುದಕ್ಕೆ ಆಮೇಲೆ ಬರೋಣ.

ಸೀಲು ಬಿದ್ದರೂ ಮುಗಿಯಲಿಲ್ಲ, ಅರ್ಜಿ ಯಾವ ಡಬ್ಬಿಗೆ ಬಿತ್ತು ಎಂದು ನೋಡಬೇಕು. ಡಬ್ಬಿಗಳು ಮೂರು: ಎಫ್‌ಐಆರ್, ಎನ್‌ಸಿ, ಅರ್ಜಿ ವಿಚಾರಣೆ. ಎನ್‌ಸಿ (ಅಸಂಜ್ಞೇಯ) ಆದರೆ ಮ್ಯಾಜಿಸ್ಟ್ರೇಟ್ ಆದೇಶವಿಲ್ಲದೆ ತನಿಖೆಯೇ ಇಲ್ಲ. ಅರ್ಜಿ ವಿಚಾರಣೆಯಾದರೆ ಎರಡೂ ಕಡೆಯವರನ್ನು ಕೂರಿಸಿ "ತಿಳುವಳಿಕೆ ನೀಡಲಾಗಿದೆ" ಎಂದು ಬರೆದು ಮುಚ್ಚುವ ಫೈಲು. ಪೊಲೀಸರ ಮೇಲಿನ ದೂರು ಹೆಚ್ಚಾಗಿ ಹೋಗಿ ಬೀಳುವುದು ಈ ಮೂರನೇ ಡಬ್ಬಿಗೇ, ಮತ್ತು ಅದಕ್ಕೆ ಅರ್ಧ ಕಾರಣ ನಾವು ಬರೆಯುವ ರೀತಿ. "ಪೊಲೀಸರು ಹೊಡೆದರು" ಎಂದಷ್ಟೇ ಬರೆದರೆ ಅದು ಭಾರತೀಯ ನ್ಯಾಯ ಸಂಹಿತೆಯ (ಹಳೆಯ ಐಪಿಸಿಯ ಜಾಗಕ್ಕೆ ಬಂದದ್ದು) 115(2), ಸಾಧಾರಣ ಗಾಯ, ಅಸಂಜ್ಞೇಯ. "ಮೊಬೈಲು ಕದ್ದದ್ದು ಒಪ್ಪಿಕೋ ಎಂದು ಹೇಳುತ್ತ ಅಂಗಾಲಿಗೆ ಹೊಡೆದರು" ಎಂದು ಬರೆದರೆ ಅದು 120(1), ತಪ್ಪೊಪ್ಪಿಗೆ ಹೊರಡಿಸಲು ಮಾಡಿದ ಗಾಯ, ಸಂಜ್ಞೇಯ, ಏಳು ವರ್ಷದವರೆಗೆ ಶಿಕ್ಷೆ. ಏಟು ಅದೇ, ಹೊಡೆಯುವಾಗ ಆಡಿದ ಮಾತು ಬರೆದದ್ದರಿಂದ ಕಲಂ ಬದಲಾಯಿತು. ಹಾಗೆಯೇ "ಠಾಣೆಯಲ್ಲಿ ಕೂರಿಸಿದ್ದರು" ಅನ್ನುವುದಕ್ಕಿಂತ "ಬೆಳಿಗ್ಗೆ 10.30ರಿಂದ ರಾತ್ರಿ 9ರವರೆಗೆ ಹೊರಗೆ ಬಿಡಲಿಲ್ಲ, ಯಾವ ನೋಟಿಸೂ ಕೊಡಲಿಲ್ಲ" ಎಂದು ಬರೆದರೆ 127ನೇ ಕಲಮಿನ ಅಕ್ರಮ ಬಂಧನಕ್ಕೆ ದಾರಿ.

ಅತ್ಯಾಚಾರ, ಲೈಂಗಿಕ ಹಲ್ಲೆ, ಆಸಿಡ್ ದಾಳಿ, ಮಾನವ ಸಾಗಣೆಯ ದೂರು ಬರೆದುಕೊಳ್ಳದ ಅಧಿಕಾರಿಗೆ ನ್ಯಾಯ ಸಂಹಿತೆಯ 199ನೇ ಕಲಮಿನಲ್ಲಿ ಕನಿಷ್ಠ ಆರು ತಿಂಗಳು, ಗರಿಷ್ಠ ಎರಡು ವರ್ಷ ಕಠಿಣ ಸಜೆ ಇದೆ. ಈ ಒಂದು ಸಾಲನ್ನು ಅರ್ಜಿಯಲ್ಲಿ ಉಲ್ಲೇಖಿಸಿದರೆ ಸೀಲು ಸ್ವಲ್ಪ ಬೇಗ ಸಿಗುತ್ತದೆ.

ಎಸ್ಪಿ ಕಚೇರಿ: ಹೋದ ಅರ್ಜಿ ಹೊರಟಲ್ಲಿಗೇ

ಠಾಣೆ ನಿರಾಕರಿಸಿದರೆ ಸುರಕ್ಷಾ ಸಂಹಿತೆಯ 173(4)ರಂತೆ ದೂರಿನ ಸಾರಾಂಶವನ್ನು ಬರೆದು ಅಂಚೆಯಲ್ಲಿ ಎಸ್ಪಿಗೆ ಕಳಿಸಬೇಕು. ಕಾನೂನೇ ಅಂಚೆ ಅನ್ನುತ್ತದೆ, ಹಾಗಾಗಿ ಸಿರ್ಸಿ, ಸಿದ್ದಾಪುರ, ಮುಂಡಗೋಡದವರು ಘಟ್ಟ ಇಳಿದು ಕಾರವಾರಕ್ಕೆ ಹೋಗಿ ಕಾಯುವ ಅಗತ್ಯವಿಲ್ಲ. ಮಳೆಗಾಲದಲ್ಲಿ ದೇವಿಮನೆ ಘಟ್ಟವೋ ಹೆದ್ದಾರಿಯೋ ಯಾವಾಗ ಕುಸಿಯುತ್ತದೆಂದು ಹೇಳಲಾಗದ ಜಿಲ್ಲೆಯಲ್ಲಿ ಇದು ಸಣ್ಣ ಅನುಕೂಲವಲ್ಲ. ರಿಜಿಸ್ಟರ್ಡ್ ಪೋಸ್ಟನ್ನು 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದ್ದಾರೆ, ಕೌಂಟರಿನಲ್ಲಿ ತಲುಪಿದ್ದಕ್ಕೆ ಪುರಾವೆ ಬೇಕು ಎಂದು ಬಾಯಿಬಿಟ್ಟು ಕೇಳಬೇಕು.

ದೋಷ ಇರುವುದು ಒಳಗಿನ ಕೊಳವೆಯಲ್ಲಿ. ಎಸ್ಪಿಗೆ ಹೋದ ಅರ್ಜಿ "ಸೂಕ್ತ ಕ್ರಮಕ್ಕಾಗಿ" ಎಂಬ ಷರಾದೊಂದಿಗೆ ಡಿವೈಎಸ್ಪಿಗೆ, ಅಲ್ಲಿಂದ ಸಿಪಿಐಗೆ (ಸರ್ಕಲ್ ಇನ್‌ಸ್ಪೆಕ್ಟರ್), ಅಲ್ಲಿಂದ ಅದೇ ಠಾಣೆಗೆ ಇಳಿಯುತ್ತದೆ. ಮುಖ್ಯಮಂತ್ರಿ, ಗೃಹಮಂತ್ರಿ, ಡಿಜಿಪಿ ಎಂದು ಹದಿನಾಲ್ಕು ಕಡೆ ಪ್ರತಿ ಕಳಿಸುವವರಿದ್ದಾರೆ. ಹದಿನಾಲ್ಕೂ ಇದೇ ಕೊಳವೆಯಲ್ಲಿ ಇಳಿದು ಒಂದೇ ರೈಟರ್ ಮೇಜಿನ ಮೇಲೆ ಗುಡ್ಡೆ ಬೀಳುತ್ತವೆ, ಒಂದೇ ಉತ್ತರದ ಹದಿನಾಲ್ಕು ಜೆರಾಕ್ಸ್ ಹೊರಡುತ್ತದೆ. ಇದಕ್ಕೆ ಮದ್ದು ಅರ್ಜಿಯಲ್ಲೇ ಇರಬೇಕು. ಕೊನೆಯ ಪ್ಯಾರಾದಲ್ಲಿ ಎರಡು ಬೇಡಿಕೆ: ವಿಚಾರಣೆಯನ್ನು ಬೇರೆ ಉಪವಿಭಾಗದ ಅಧಿಕಾರಿಗೆ ವಹಿಸಬೇಕು (ಕಾರವಾರ, ಸಿರ್ಸಿ, ಭಟ್ಕಳ, ದಾಂಡೇಲಿ, ಹೀಗೆ ಉಪವಿಭಾಗಗಳಿವೆ, ಬೇಡಿಕೆ ಅಸಾಧ್ಯದ್ದೇನಲ್ಲ), ಮತ್ತು ಆರೋಪಿತ ಸಿಬ್ಬಂದಿ ಇರುವ ಠಾಣೆಗೆ ಹೇಳಿಕೆಗಾಗಿ ಕರೆಸಬಾರದು. ಕೇಳಿದ್ದೆಲ್ಲ ಸಿಗುತ್ತದೆ ಎಂದಲ್ಲ. ಕೇಳಿದ್ದು ದಾಖಲೆಯಲ್ಲಿದ್ದರೆ ಮುಂದೆ ಕೋರ್ಟಿನಲ್ಲಿ ಕೆಲಸಕ್ಕೆ ಬರುತ್ತದೆ.

ಇನ್ನೊಂದು ಮಾತು, ಸ್ವಲ್ಪ ಕಹಿ. ಇಪ್ಪತ್ತು ವರ್ಷದ ಜಮೀನು ತಕರಾರು, ಅಣ್ಣತಮ್ಮಂದಿರ ಪಾಲುಪಟ್ಟಿ, ನೆರೆಮನೆಯ ನಾಯಿ ಎಲ್ಲವನ್ನೂ ತುರುಕಿ, ನಡುವೆಲ್ಲೋ "ಪಿಎಸ್‌ಐ ಬೈದರು" ಎಂದು ಬರೆದ ಎಂಟು ಪುಟದ ಅರ್ಜಿಯನ್ನು ಎಷ್ಟೇ ಒಳ್ಳೆಯ ಅಧಿಕಾರಿಯಾದರೂ ಸಿವಿಲ್ ವ್ಯಾಜ್ಯ ಎಂದು ಬದಿಗಿಡುತ್ತಾನೆ. ಒಂದು ಘಟನೆಗೆ ಒಂದು ಅರ್ಜಿ, ಎರಡು ಪುಟದೊಳಗೆ. ಹೆಸರು ಗೊತ್ತಿಲ್ಲದಿದ್ದರೆ ಭುಜದ ನಕ್ಷತ್ರ ಎಷ್ಟು, ಎದೆಯ ಪಟ್ಟಿಯಲ್ಲಿ ಏನಿತ್ತು, ಜೀಪಿನ ನಂಬರು ಏನು. ಬೈಗುಳವನ್ನು ಬೈದ ಹಾಗೆಯೇ ಬರೆಯಬೇಕು; "ಅವಾಚ್ಯ ಶಬ್ದಗಳಿಂದ ನಿಂದಿಸಿ" ಎಂಬ ರೆಡಿಮೇಡ್ ಸಾಲು ಯಾವ ದೂರಿಗೂ ಬಲ ಕೊಟ್ಟಿಲ್ಲ.

ದೂರು ಕೊಟ್ಟ ಮೇಲೆ ಬರುವ ಫೋನು

ಸೇವೆಯ ನಿಜವಾದ ಗುಣಮಟ್ಟ ತಿಳಿಯುವುದು ಅರ್ಜಿ ಕೊಟ್ಟ ಎರಡು ಮೂರು ದಿನಕ್ಕೆ. ಫೋನು ಬರುತ್ತದೆ: "ಸಾಹೇಬ್ರು ಕರೀತಿದ್ರು, ಒಂಚೂರು ಬಂದು ಹೋಗಿ." ಧ್ವನಿ ಮೆತ್ತಗೇ ಇರುತ್ತದೆ. ಯಾತಕ್ಕೆ ಎಂದರೆ "ಬನ್ನಿ, ಹೇಳ್ತೇವೆ". ಇದಕ್ಕೆ ಒಂದೇ ಉತ್ತರ: "ನೋಟಿಸು ಕಳಿಸಿ ಸರ್, ಬರ್ತೇನೆ." ಸಾಕ್ಷಿಯಾಗಿ ಕರೆಯುವುದಾದರೆ ಸುರಕ್ಷಾ ಸಂಹಿತೆಯ 179ನೇ ಕಲಮಿನಂತೆ ಲಿಖಿತ ಆದೇಶ ಬೇಕು. ಹೆಂಗಸರು, 15ರೊಳಗಿನ ಹುಡುಗರು, 60 ದಾಟಿದ ಗಂಡಸರು, ಅಂಗವಿಕಲರು, ಕಾಯಿಲೆಯವರು ಠಾಣೆಗೆ ಹೋಗಬೇಕಾಗಿಯೇ ಇಲ್ಲ, ಅವರು ಇರುವಲ್ಲಿಗೇ ಪೊಲೀಸರು ಬರಬೇಕು. ಆರೋಪಿಯಾಗಿ ಕರೆಯುವುದಾದರೆ 35(3)ರ ನೋಟಿಸು. ಅದನ್ನು ವಾಟ್ಸಾಪಿನಲ್ಲಿ ಕಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2025ರ ಜನವರಿಯಲ್ಲಿ ಹೇಳಿದೆ. ಲಿಖಿತ ನೋಟಿಸು ಬಂದಿದ್ದರೆ ಮಾತ್ರ ತಪ್ಪಿಸಬಾರದು, ತಪ್ಪಿಸಿದರೆ ಬಂಧನಕ್ಕೆ ನಾವೇ ಕಾರಣ ಒದಗಿಸಿದಂತೆ.

ಎರಡನೆಯದು ಮುಚ್ಚಳಿಕೆ. "ಇನ್ನು ಮುಂದೆ ತಂಟೆ ತಕರಾರು ಮಾಡುವುದಿಲ್ಲ" ಎಂದು ದೂರುದಾರನಿಂದಲೇ ಬರೆಸಿಕೊಳ್ಳುವ ಕಾಗದ. ಶಾಂತಿ ಕಾಪಾಡಲು ಬಾಂಡ್ ಬರೆಸಿಕೊಳ್ಳುವ ಅಧಿಕಾರ ನಮ್ಮ ಜಿಲ್ಲೆಯಲ್ಲಿ ತಹಶೀಲ್ದಾರರಂಥ ಕಾರ್ಯನಿರ್ವಾಹಕ ದಂಡಾಧಿಕಾರಿಗಳಿಗೆ ಇದೆ, ಪಿಎಸ್‌ಐಗೆ ಇಲ್ಲ. ಅದೂ ಸುರಕ್ಷಾ ಸಂಹಿತೆಯ 126ನೇ ಕಲಮಿನಡಿ, 130ರಂತೆ ಕಾರಣ ಬರೆದ ಆದೇಶ ಕೊಟ್ಟು, ವಿಚಾರಣೆ ನಡೆಸಿ. ಆ ವಿಚಾರಣೆ ಆರು ತಿಂಗಳಲ್ಲಿ ಮುಗಿಯದಿದ್ದರೆ, ವಿಶೇಷ ಕಾರಣ ಬರೆದು ಮುಂದುವರಿಸದ ಹೊರತು, ತಾನಾಗಿ ಬಿದ್ದುಹೋಗುತ್ತದೆ. ಹಳಬರು ಇದನ್ನು ಇನ್ನೂ "107 ಹಾಕ್ತೇವೆ" ಅನ್ನುತ್ತಾರೆ, ಹಳೆಯ ಸಂಹಿತೆಯ ನಂಬರು. ತಹಶೀಲ್ದಾರರ ನೋಟಿಸು ಬಂದರೆ ಗಾಬರಿ ಬೀಳುವ ಬದಲು ಪೊಲೀಸರ ಮೇಲೆ ಕೊಟ್ಟ ದೂರಿನ ಸ್ವೀಕೃತಿಯನ್ನು ಅಲ್ಲಿ ಹಾಜರುಪಡಿಸಿ. ದೂರಿನ ತಾರೀಖು ಮೊದಲು, ಪೊಲೀಸ್ ವರದಿಯ ತಾರೀಖು ಆಮೇಲೆ ಇದ್ದರೆ ಅದೇ ಅರ್ಧ ವಾದ.

ಮೂರನೆಯದು ಎದುರು ಕೇಸು. ನ್ಯಾಯ ಸಂಹಿತೆಯ 132, ಕರ್ತವ್ಯಕ್ಕೆ ಅಡ್ಡಿ. ಜಾಮೀನುರಹಿತ. ಹಿಂದೆ 353 ಎಂದು ಕರೆಯುತ್ತಿದ್ದದ್ದು. ಸೀಲು ಕೊಡಲಿಲ್ಲವೆಂದು ಮೇಜು ಬಡಿದರೆ, ಅರ್ಜಿ ಕಸಿದುಕೊಳ್ಳಲು ಹೋದರೆ ಇದಕ್ಕೆ ಬೇಕಾದ ಸರಕು ಕೈಯಾರೆ ಕೊಟ್ಟಂತೆ. ಮೇಲೆ ಜಗಳ ಬೇಡ ಎಂದದ್ದು ಇದಕ್ಕೇ. ಈ ಕಲಮಿಗೆ ಗರಿಷ್ಠ ಶಿಕ್ಷೆ ಎರಡು ವರ್ಷ, ಆದ್ದರಿಂದ ಬಂಧನ ಯಾಕೆ ಬೇಕಾಯಿತು ಎಂಬ ಕಾರಣವನ್ನು ಪೊಲೀಸರು ಬರೆದಿಡಬೇಕು. ಠಾಣೆಗೆ ಒಬ್ಬರೇ ಹೋಗಬೇಡಿ ಎಂಬುದು ಎಲ್ಲರೂ ಹೇಳುವ ಬುದ್ಧಿವಾದ. ಜೊತೆಗೆ ಹೋಗುವವರು ಬಾಯಿಬಡುಕರಾಗಿದ್ದರೆ ಒಬ್ಬರೇ ಹೋಗುವುದು ವಾಸಿ.

ಮೊಬೈಲಿನಲ್ಲಿ ಚಿತ್ರೀಕರಿಸಿದರೆ "ಅಧಿಕೃತ ರಹಸ್ಯ ಕಾಯ್ದೆ" ಎಂದು ಹೆದರಿಸುವುದುಂಟು. ಪೊಲೀಸ್ ಠಾಣೆ ಆ ಕಾಯ್ದೆಯ ನಿಷೇಧಿತ ಸ್ಥಳವಲ್ಲ ಎಂದು ಬಾಂಬೆ ಹೈಕೋರ್ಟು 2022ರಲ್ಲಿ ತೀರ್ಪು ಕೊಟ್ಟಿದೆ. ಆದರೂ ತೀರ್ಪು ತೋರಿಸುವಷ್ಟರಲ್ಲಿ ಮೊಬೈಲು ಅವರ ಡ್ರಾಯರಿನಲ್ಲಿರುತ್ತದೆ.

ಅರ್ಜಿ ವಾಪಸ್ ತೆಗೆದುಕೋ ಎಂದು ಹೆದರಿಸುವುದೇ ಬೇರೆ ಅಪರಾಧ. ಸರ್ಕಾರಿ ಅಧಿಕಾರಿಯ ರಕ್ಷಣೆ ಕೇಳದಂತೆ ತಡೆಯಲು ಬೆದರಿಕೆ ಹಾಕಿದರೆ ನ್ಯಾಯ ಸಂಹಿತೆಯ 225, ಒಂದು ವರ್ಷದವರೆಗೆ ಸಜೆ. ಈ ಕಲಮನ್ನು ಬಳಸುವವರೇ ಕಡಿಮೆ. ಫೋನು ಬಂದ ತಾರೀಖು, ಗಂಟೆ, ನಂಬರು, ಆಡಿದ ಮಾತು ಇಷ್ಟನ್ನು ಅದೇ ದಿನ ಬರೆದು ಮೊದಲ ಅರ್ಜಿಯ ನಂಬರು ಉಲ್ಲೇಖಿಸಿ ಎಸ್ಪಿಗೆ ಎರಡನೇ ಪತ್ರ ಹಾಕಿದರೆ ಫೋನು ನಿಲ್ಲುವ ಸಾಧ್ಯತೆ ಹೆಚ್ಚು. ಧ್ವನಿಮುದ್ರಣವಿದ್ದರೆ ಅದು ಮೂಲ ಫೋನಿನಲ್ಲೇ ಇರಲಿ. ಕೋರ್ಟಿಗೆ ಹಾಜರುಪಡಿಸುವಾಗ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರ, ಹ್ಯಾಶ್ ಮೌಲ್ಯದ (ಫೈಲು ತಿದ್ದಿಲ್ಲವೆಂದು ತೋರಿಸುವ ಡಿಜಿಟಲ್ ಗುರುತು) ಸಮೇತ, ಲಗತ್ತಿಸಬೇಕು.

ವಿಚಾರಣೆಗೆ ಹೋದಾಗ ಹೇಳಿಕೆಯ ಕೊನೆಯ ಎರಡು ಸಾಲು ಓದದೆ ಪೆನ್ನು ಮುಟ್ಟಬೇಡಿ. "...ಈ ಬಗ್ಗೆ ಮುಂದಿನ ಕ್ರಮ ಬೇಕಾಗಿಲ್ಲ, ಅರ್ಜಿಯನ್ನು ಮುಕ್ತಾಯಗೊಳಿಸಲು ನನ್ನ ಅಡ್ಡಿಯಿಲ್ಲ" ಎಂಬ ಸಾಲು ಅಲ್ಲೇ ಕೂತಿರುತ್ತದೆ, ಟೈಪು ಮಾಡುವವರ ಕೈಗೆ ಅದು ರೂಢಿಯಾಗಿಬಿಟ್ಟಿದೆ. ಕೊನೆಯ ಅಕ್ಷರಕ್ಕೂ ಸಹಿಗೂ ನಡುವೆ ಖಾಲಿ ಜಾಗವಿದ್ದರೆ ಅಡ್ಡಗೆರೆ ಎಳೆದು, ಗೆರೆಗೆ ತಾಗಿಸಿ ಸಹಿ, ತಾರೀಖು, ಗಂಟೆ. ಎಫ್‌ಐಆರ್ ಆದ ಪ್ರಕರಣದ ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಸಾಕ್ಷಿ ಹೇಳಿಕೆಗೆ ಸುರಕ್ಷಾ ಸಂಹಿತೆಯ 181ನೇ ಕಲಮಿನಂತೆ ಸಹಿಯೇ ಹಾಕಬೇಕಾಗಿಲ್ಲ.

ಮೈಮೇಲಿನ ಪುರಾವೆ, ಗೋಡೆಮೇಲಿನ ಪುರಾವೆ

ಏಟು ಬಿದ್ದಿದ್ದರೆ ಅರ್ಜಿಗಿಂತ ಮೊದಲು ಆಸ್ಪತ್ರೆ. ಕಾರವಾರದಲ್ಲಿ ಕ್ರಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ), ಸಿರ್ಸಿಯಲ್ಲಿ ಪಂಡಿತ ಸಾರ್ವಜನಿಕ ಆಸ್ಪತ್ರೆ, ಉಳಿದೆಡೆ ತಾಲೂಕು ಆಸ್ಪತ್ರೆ. ಖಾಸಗಿ ಕ್ಲಿನಿಕ್ಕಿನ ಚೀಟಿ ಕೊನೆಗೆ ಸೊರಗುತ್ತದೆ. ವೈದ್ಯರು ಕೇಳುವ "ಹೇಗಾಯ್ತು?" ಎಂಬ ಪ್ರಶ್ನೆಗೆ ಕೊಟ್ಟ ಉತ್ತರವೇ ಎಂಎಲ್‌ಸಿ (ಪೊಲೀಸ್ ಪ್ರಕರಣದ ಗಾಯಗಳನ್ನು ಬರೆದಿಡುವ) ಪುಸ್ತಕಕ್ಕೆ ಹೋಗುವುದು. ಹೆದರಿ "ಬಿದ್ದೆ" ಎಂದರೆ ಮುಂದೆ ಯಾವ ವಕೀಲರೂ ಅದನ್ನು ಅಳಿಸಲಾರರು. ಲಾಠಿಯ ಹೊಸ ಗುರುತು ರೈಲು ಹಳಿಯಂತೆ ಇರುತ್ತದೆ, ಎರಡು ಸಮಾನಾಂತರ ಕೆಂಪು ಗೆರೆ, ನಡುವೆ ಬಿಳಿಚಿದ ಚರ್ಮ. ಕೆಂಪು ನೀಲಿಯಾಗಿ, ಹಸಿರಾಗಿ, ಹಳದಿಯಾಗಿ ಸುಮಾರು ಎರಡು ವಾರದಲ್ಲಿ ಮಾಯುತ್ತದೆ. ಹಗಲು ಬೆಳಕಿನಲ್ಲಿ, ಪಕ್ಕದಲ್ಲಿ ಸ್ಕೇಲು ಇಟ್ಟು ಒಂದು, ಮುಖವೂ ಗಾಯವೂ ಒಟ್ಟಿಗೆ ಬರುವಂತೆ ಇನ್ನೊಂದು ಫೋಟೊ. ಮೂರು ದಿನ ಬಿಟ್ಟು ಮತ್ತೆ. ಬಂಧನದಲ್ಲಿ ಹೊಡೆದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ 24 ಗಂಟೆಯೊಳಗೆ ಹಾಜರುಪಡಿಸಿದಾಗ ಅಲ್ಲಿಯೇ ಹೇಳಬೇಕು, ಹೇಳಿದ್ದು ಆದೇಶದ ಹಾಳೆಗೆ ಬಂತೋ ಇಲ್ಲವೋ ನೋಡಬೇಕು.

ಸಿಸಿಟಿವಿ ವಿಷಯದಲ್ಲಿ ಸುಪ್ರೀಂ ಕೋರ್ಟು 2020ರ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಕೊಟ್ಟ ಆದೇಶ ಸ್ಪಷ್ಟ. ಪ್ರವೇಶದ್ವಾರ, ಲಾಕಪ್, ಕಾರಿಡಾರು, ಅಧಿಕಾರಿಗಳ ಕೊಠಡಿ, ಶೌಚಾಲಯದ ಹೊರಗೆ, ಠಾಣೆಯ ಹಿಂಬದಿ ಎಲ್ಲೆಡೆ ಕ್ಯಾಮೆರಾ. ಧ್ವನಿ ಸಮೇತ, 18 ತಿಂಗಳ ಸಂಗ್ರಹ, ಅಂಥ ಯಂತ್ರ ಸಿಗದಿದ್ದರೂ ಒಂದು ವರ್ಷಕ್ಕೆ ಕಡಿಮೆಯಿಲ್ಲದಂತೆ. ಕೆಟ್ಟರೆ ಹೊಣೆ ಠಾಣಾಧಿಕಾರಿಯದು. ದೃಶ್ಯ ಕೇಳಿದರೆ ಮಾಹಿತಿ ಹಕ್ಕಿನಲ್ಲಿ ವಿನಾಯಿತಿ ಕಲಂ ತೋರಿಸಿ ನಿರಾಕರಿಸುವುದುಂಟು. ಅದಕ್ಕೇ ಮೊದಲು "ಕೊಡಿ" ಎನ್ನದೆ "ಅಳಿಸಬೇಡಿ" ಎಂದು ಪತ್ರ ಹಾಕಬೇಕು: ಇಂಥ ತಾರೀಖು, ಇಷ್ಟು ಗಂಟೆಯಿಂದ ಇಷ್ಟು ಗಂಟೆ, ಇಂತಿಂಥ ಕ್ಯಾಮೆರಾ. ಮೊದಲ ವಾರದಲ್ಲೇ. ಮಾಹಿತಿ ಹಕ್ಕಿನ ಅರ್ಜಿಗೆ ಕರ್ನಾಟಕದಲ್ಲಿ 10 ರೂಪಾಯಿ, ಒಂದೇ ವಿಷಯ, 150 ಪದದೊಳಗೆ. ಈ ಮಿತಿ ಮೀರಿದ ಅರ್ಜಿಯನ್ನು ಹಿಂದಿರುಗಿಸುವುದು ಅವರಿಗೆ ಸುಲಭ.

ಉಳಿದ ಕೌಂಟರುಗಳು

ಮ್ಯಾಜಿಸ್ಟ್ರೇಟ್ ಕೋರ್ಟಿಗೆ ನಮ್ಮ ಅಂಕ ಐದಕ್ಕೆ ಮೂರೂವರೆ. ತನಿಖೆಗೆ ಆದೇಶಿಸಿ ಎಂದು ಸುರಕ್ಷಾ ಸಂಹಿತೆಯ 175(3)ರಡಿ ಕೊಡುವ ಅರ್ಜಿಗೆ ಅಫಿಡವಿಟ್ ಬೇಕು, ಠಾಣೆಗೂ ಎಸ್ಪಿಗೂ ಮೊದಲೇ ಕೊಟ್ಟ ದಾಖಲೆ ಬೇಕು; ಸ್ವೀಕೃತಿಯ ಬೆಲೆ ಗೊತ್ತಾಗುವುದು ಇಲ್ಲಿ. ಕರ್ತವ್ಯದ ವೇಳೆ ನಡೆದದ್ದು ಎನ್ನುವ ಪ್ರಕರಣದಲ್ಲಿ 175(4)ರಂತೆ ಮೇಲಧಿಕಾರಿಯ ವರದಿ, ಆರೋಪಿತ ಅಧಿಕಾರಿಯ ಮಾತು ಎರಡನ್ನೂ ಕೋರ್ಟು ನೋಡಬೇಕಾಗುತ್ತದೆ, ಅಂದರೆ ಆದೇಶಕ್ಕೆ ಮುಂಚೆಯೇ ಅವರಿಗೆ ಸುದ್ದಿ ಮುಟ್ಟಿರುತ್ತದೆ. ಅದಕ್ಕೆ ಸಿದ್ಧರಾಗಿರಬೇಕು. ಇನ್ನೊಂದು ಹಳ್ಳ: ಕರ್ನಾಟಕ ಪೊಲೀಸ್ ಕಾಯ್ದೆ 1963ರ 170ನೇ ಕಲಂ. ಅಧಿಕಾರದ ಸೋಗಿನಲ್ಲಿ ಅಥವಾ ಅಧಿಕಾರ ಮೀರಿ ಮಾಡಿದ್ದಕ್ಕೂ ಕೇಸು ಹೂಡಲು ಸರ್ಕಾರದ ಪೂರ್ವಾನುಮತಿ ಬೇಕು. 2020ರಲ್ಲಿ ದೇವರಾಜ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಗುರಾಣಿಯನ್ನು ಎತ್ತಿಹಿಡಿದಿದೆ. ಸುರಕ್ಷಾ ಸಂಹಿತೆಯ 218ರಲ್ಲಿ ಅನುಮತಿ ಕೋರಿದ ಅರ್ಜಿ 120 ದಿನದಲ್ಲಿ ತೀರ್ಮಾನವಾಗದಿದ್ದರೆ ಅನುಮತಿ ಕೊಟ್ಟಂತೆ ಎಂಬ ಹೊಸ ಮಾತಿದೆ, ಸ್ವಲ್ಪ ಉಸಿರಾಡಬಹುದು. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100. ಹೆಂಗಸರಿಗೆ, ಪರಿಶಿಷ್ಟರಿಗೆ, ಬಂಧನದಲ್ಲಿರುವವರಿಗೆ ಆದಾಯದ ಮಿತಿ ನೋಡದೆ ಉಚಿತ.

ಪೊಲೀಸ್ ದೂರು ಪ್ರಾಧಿಕಾರ ಸುಪ್ರೀಂ ಕೋರ್ಟಿನ 2006ರ ಪ್ರಕಾಶ್ ಸಿಂಗ್ ತೀರ್ಪಿನ ಕೂಸು, ಕರ್ನಾಟಕದಲ್ಲಿ 2012ರ ತಿದ್ದುಪಡಿಯಿಂದ ಪೊಲೀಸ್ ಕಾಯ್ದೆಗೆ ಸೇರಿದ್ದು. ತೀರ್ಪಿನಂತೆ ಡಿವೈಎಸ್ಪಿವರೆಗಿನವರ ಮೇಲೆ ಜಿಲ್ಲಾ ಮಟ್ಟದಲ್ಲಿ, ಎಸ್ಪಿ ಮತ್ತು ಮೇಲಿನವರ ಮೇಲೆ ರಾಜ್ಯ ಮಟ್ಟದಲ್ಲಿ. ನಮ್ಮಲ್ಲಿ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು ಪ್ರಾದೇಶಿಕ ಆಯುಕ್ತರು, ಅಂದರೆ ಬೆಳಗಾವಿ. ನೂರೆಂಟು ಕೆಲಸದ ನಡುವೆ ಇದೊಂದು. ಠಾಣೆಯ ಹೊರಗೆ ನಿಂತು ಹತ್ತು ಜನರನ್ನು ಕೇಳಿದರೆ ಇಂಥದ್ದೊಂದು ಇದೆ ಎಂದು ಹೇಳುವವರು ಸಿಕ್ಕರೆ ಅದೃಷ್ಟ. ಒಂದೂವರೆ ಅಂಕ, ಅದೂ ಕಾನೂನಿನಲ್ಲಿ ಇದೆಯಲ್ಲ ಎಂಬ ಸಮಾಧಾನಕ್ಕೆ.

ಮಾನವ ಹಕ್ಕುಗಳ ಆಯೋಗಕ್ಕೆ ಶುಲ್ಕವಿಲ್ಲ, ಕನ್ನಡದಲ್ಲೇ ಬರೆಯಬಹುದು, ಘಟನೆಯಾಗಿ ಒಂದು ವರ್ಷದೊಳಗೆ ಕೊಡಬೇಕು. ರಾಜ್ಯದ್ದಕ್ಕೋ ರಾಷ್ಟ್ರದ್ದಕ್ಕೋ ಒಂದಕ್ಕೇ ಕೊಡಿ. ಸಿಗುವುದು ಶಿಫಾರಸು. ಲಂಚ ಕೇಳಿದ್ದರೆ ಮಾತ್ರ ಸೀದಾ ಲೋಕಾಯುಕ್ತ ಪೊಲೀಸು, ಹಣ ಕೊಡುವುದಕ್ಕೆ ಮುಂಚೆ. ಒತ್ತಾಯಕ್ಕೆ ಕೊಟ್ಟಾಗಿದ್ದರೆ ಏಳು ದಿನದೊಳಗೆ ತಿಳಿಸದಿದ್ದಲ್ಲಿ ಕೊಟ್ಟವರೂ ಆರೋಪಿಯೇ.

ನಮ್ಮ ಕಡೆ ಪದೇ ಪದೇ ಆಗುವ ಎಡವಟ್ಟು ಒಂದಿದೆ. ಅತಿಕ್ರಮಣದ ಗದ್ದೆಗೆ ನುಗ್ಗಿದ್ದು ಅರಣ್ಯ ಇಲಾಖೆಯವರು, ಗೋವಾ ಗಡಿಯ ಮಾಜಾಳಿಯಲ್ಲಿ ಚೀಲ ಬಿಚ್ಚಿಸಿದ್ದು ಅಬಕಾರಿಯವರು, ದೂರು ಹೋಗುವುದು "ಪೊಲೀಸರು" ಎಂದು. ಖಾಕಿ ಒಂದೇ, ಇಲಾಖೆ ಬೇರೆ. ದೂರು ಪ್ರಾಧಿಕಾರಕ್ಕೆ ಅವರ ಮೇಲೆ ಅಧಿಕಾರವಿಲ್ಲ, ಎರಡು ತಿಂಗಳಾದ ಮೇಲೆ ಅಷ್ಟನ್ನೇ ಬರೆದು ಅರ್ಜಿ ವಾಪಸ್ ಬರುತ್ತದೆ.

ಕೊನೆಯದಾಗಿ ಸ್ಪೀಡ್ ಪೋಸ್ಟಿನ ಚೀಟಿ. ಅದು ಶಾಖಕ್ಕೆ ಮೂಡುವ ಕಾಗದ, ಕರಾವಳಿಯ ಸೆಕೆಗೆ ಕೆಲವೇ ತಿಂಗಳಲ್ಲಿ ಅಕ್ಷರ ಮಾಸಿ ಬರೀ ಬಿಳಿ ಹಾಳೆಯಾಗುತ್ತದೆ, ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಇನ್ನೂ ಬೇಗ. ಅಂಚೆಯ ಟ್ರ್ಯಾಕಿಂಗ್ ವಿವರವೂ ಬಹಳ ಕಾಲ ಉಳಿಯುವುದಿಲ್ಲ. ಚೀಟಿಯನ್ನು ಅದೇ ದಿನ ಜೆರಾಕ್ಸ್ ಮಾಡಿಸಿ, ತಲುಪಿದ ಮಾರನೇ ದಿನ ಟ್ರ್ಯಾಕಿಂಗ್ ಪುಟವನ್ನು ಪ್ರಿಂಟ್ ತೆಗೆದು, ಎರಡನ್ನೂ ಅರ್ಜಿಯ ಪ್ರತಿಗೆ ಪಿನ್ ಮಾಡಿಡಿ.